ಲಿವರ್ ಕೊಟ್ಟರೆ ಮತ್ತೆ ಬೆಳೆಯುತ್ತಾ?

ತಂದೆಗೆ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ), ನನ್ನ ಲಿವರ್‌ನ ಭಾಗ ಕೊಟ್ಟರೆ ಅದು ಮತ್ತೆ ಬೆಳೆಯುತ್ತಾ ಅಂತ ಗದಗಿನಿಂದ ಕೇಳಿದ್ದೀರಿ.

ಬೆಳೆಯುತ್ತದ್ರೀ. ಆದರೆ ಹಲ್ಲಿಯ ಬಾಲದ ಹಾಗೆ ಕತ್ತರಿಸಿದ ಜಾಗದಲ್ಲಿ ಹೊಸ ತುಂಡು ಚಿಗುರುವುದಿಲ್ಲ, ಉಳಿದ ಭಾಗ ದೊಡ್ಡದಾಗುತ್ತದೆ. ಮೊದಲ ಕೆಲವು ವಾರಗಳಲ್ಲೇ ಜಾಸ್ತಿ ಬೆಳೆಯುತ್ತದೆ. ಬದುಕಿರುವವರು ಹೀಗೆ ಲಿವರ್ ಕೊಡುವ ಹಂತಕ್ಕೆ ಬರಲು ಬಹಳ ವರ್ಷ ಹಿಡಿಯಿತು. 1963ರಲ್ಲಿ ಸರ್ಜನ್ ಥಾಮಸ್ ಸ್ಟಾರ್ಜಲ್ ಅಮೆರಿಕದ ಡೆನ್ವರ್‌ನಲ್ಲಿ ಒಂದು ಮಗುವಿಗೆ ಮೊದಲ ಲಿವರ್ ಕಸಿ ಮಾಡಿದಾಗ ಆ ಮಗು ಬದುಕಲಿಲ್ಲ. ಬದುಕಿರುವ ತಾಯಿಯ ಲಿವರ್ ತುಂಡು ಮಗನಿಗೆ ಮೊದಲ ಬಾರಿ ಹೊಂದಿಕೊಂಡಿದ್ದು 1989ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ.

ಸುಮ್ನೆ ಭಾವುಕರಾಗಿ ಹೂಂ ಅನ್ನಬೇಡಿ. ರಕ್ತದ ಗುಂಪು ಹೊಂದಬೇಕು. ನಿಮ್ಮ ಲಿವರ್‌ನಲ್ಲೇ ಕೊಬ್ಬು ಜಾಸ್ತಿ ಇದ್ದರೆ ಡಾಕ್ಟರ್ ಬೇಡ ಅಂತಾರೆ (ಹುಬ್ಬಳ್ಳಿಯಲ್ಲಿ ದಿನಾ ಗಿರ್ಮಿಟ್ ಜೊತೆ ಮಿರ್ಚಿ ತಿನ್ನುವ ನನಗೂ ಇದೇ ಚಿಂತೆ). ಜೊತೆಗೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ತಂದೆಯ ಹೆಸರನ್ನು ಜೀವಸಾರ್ಥಕತೆಯ (ಮೃತರ ಅಂಗದಾನ ನೋಡಿಕೊಳ್ಳುವ ಕರ್ನಾಟಕದ ಸಂಸ್ಥೆ) ಪಟ್ಟಿಗೂ ಸೇರಿಸಿಬಿಡಿ.