ಹೊಸ ಎಕ್ಸೆಲ್‌ನಲ್ಲಿ ಹಳೆಯ 4.0 ಮ್ಯಾಕ್ರೊ ಬರೆಯಲು ಈಗಲೂ ಆಗುತ್ತದೆಯೇ?

ಆಗುತ್ತದೆ. ಮ್ಯಾಕ್ರೊ ಎಂದರೆ ಎಕ್ಸೆಲ್‌ನ ಕೆಲಸಗಳನ್ನು ತಾನಾಗಿ ಮಾಡಿಸುವ ಆದೇಶಗಳ ಸಾಲು. ಎಕ್ಸೆಲ್ 4.0 ಬಂದದ್ದು 1992ರಲ್ಲಿ, ಮರುವರ್ಷವೇ ವಿಬಿಎ ಎಂಬ ಹೊಸ ಮ್ಯಾಕ್ರೊ ಭಾಷೆ ಬಂತು. ಆದರೂ ಹಳೆಯ ಮ್ಯಾಕ್ರೊ ಭಾಷೆಯನ್ನು ಮೈಕ್ರೋಸಾಫ್ಟ್ ಪೂರ್ತಿ ಕಿತ್ತುಹಾಕಿಲ್ಲ. ವೈರಸ್ ಹರಡುವವರು ಇದನ್ನು ವಿಪರೀತ ಬಳಸಿದ್ದರಿಂದ 2022ರ ಹೊತ್ತಿಗೆ ಮೊದಲೇ ಆಫ್ ಮಾಡಿಟ್ಟಿದೆ, ಅಷ್ಟೇ. ಮೊದಲು ಎಕ್ಸೆಲ್‌ನ ಸುರಕ್ಷತೆಯ ಆಯ್ಕೆಗಳಿರುವ ಟ್ರಸ್ಟ್ ಸೆಂಟರ್‌ನ ಮ್ಯಾಕ್ರೊ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸೆಲ್ 4.0 ಮ್ಯಾಕ್ರೊಗಳಿಗೆ ಅನುಮತಿ ಕೊಡುವ ಚೌಕಕ್ಕೆ ಟಿಕ್ ಹಾಕಿ. ಆಫೀಸಿನ ಕಂಪ್ಯೂಟರ್ ಆದರೆ ಐಟಿಯವರು ಅದನ್ನು ಬೀಗ ಹಾಕಿಟ್ಟಿರಬಹುದು.

ನಂತರ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಮ್ಯಾಕ್ರೊ ಶೀಟ್ ತೆರೆಯುತ್ತದೆ. ಇಲ್ಲಿ ಕೋಡ್ ಎಂದರೆ ಸೆಲ್‌ಗಳಲ್ಲಿ ಬರೆಯುವ ಫಾರ್ಮುಲಾಗಳೇ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓಡುತ್ತವೆ. ಎ1ರಲ್ಲಿ ಸಮಚಿಹ್ನೆ ಹಾಕಿ ಸಂದೇಶ ತೋರಿಸುವ ಅಲರ್ಟ್ ಫಂಕ್ಷನ್, ಎ2ರಲ್ಲಿ ಹಾಗೆಯೇ ಮ್ಯಾಕ್ರೊ ಮುಗಿಸುವ ರಿಟರ್ನ್ ಫಂಕ್ಷನ್ ಬರೆಯಿರಿ. ಎ1 ಆಯ್ದುಕೊಂಡು ಡಿಫೈನ್ ನೇಮ್‌ನಲ್ಲಿ ಹೆಸರು ಕೊಟ್ಟು 'ಕಮಾಂಡ್' ಆರಿಸಿ. ಆಲ್ಟ್ ಜೊತೆ ಎಫ್8 ಒತ್ತಿದರೆ ಆ ಹೆಸರು ಪಟ್ಟಿಯಲ್ಲಿ ಸಿಗುತ್ತದೆ. ಫೈಲನ್ನು ಮ್ಯಾಕ್ರೊ ಉಳಿಸಿಕೊಳ್ಳುವ ಎಕ್ಸ್‌ಎಲ್‌ಎಸ್‌ಎಂ ರೂಪದಲ್ಲಿ ಉಳಿಸಿ.

ನನ್ನ ಪ್ರಕಾರ ಹೊಸದಾಗಿ ಇಡೀ ಮ್ಯಾಕ್ರೊವನ್ನು ಹೀಗೆ ಬರೆಯುವುದು ವ್ಯರ್ಥ ಶ್ರಮ, ಅದಕ್ಕೆ ವಿಬಿಎ ಇದೆ. ಇದರ ನಿಜವಾದ ಸೊಗಸು ಫಾರ್ಮುಲಾಗಳಿಗೆ ಹೆಸರು ಕೊಡುವ ನೇಮ್ ಮ್ಯಾನೇಜರ್‌ನಲ್ಲಿದೆ. ಅಲ್ಲಿ ಒಂದು ಹೆಸರಿಗೆ ಗೆಟ್.ಸೆಲ್ ಫಂಕ್ಷನ್ನನ್ನು 63 ಎಂಬ ಸಂಖ್ಯೆಯೊಂದಿಗೆ ಕೊಟ್ಟರೆ ಸೆಲ್‌ನ ಹಿನ್ನೆಲೆ ಬಣ್ಣದ ಸಂಖ್ಯೆ ಬರುತ್ತದೆ, ಬೇರೆ ಮ್ಯಾಕ್ರೊ ಶೀಟೇ ಬೇಡ. ಹಳದಿ ಬಳಿದ ಸಾಲುಗಳನ್ನಷ್ಟೇ ಎಣಿಸಬೇಕಾದಾಗ ಇದು ಬಲು ಉಪಯೋಗಿ. ಬಣ್ಣ ಬದಲಿಸಿದ ಮಾತ್ರಕ್ಕೆ ಉತ್ತರ ತಾನಾಗಿ ಬದಲಾಗದು, ಮರುಲೆಕ್ಕ ಮಾಡಿಸಬೇಕು.