ಸಂಪಾದಕರ ಉತ್ತರ: ಕೆಮ್ಮಿಗೆ ಔಷಧಿಯನ್ನೇ ಕೊಡದೆ ಕಳುಹಿಸಿದ್ದು ಸರಿಯೇ?

ನಿಮ್ಮ ಪತ್ರ ಓದಿದೆ. ಹತ್ತು ದಿನಗಳಿಂದ ಕೆಮ್ಮುತ್ತಿದ್ದ ತಂದೆಯವರನ್ನು ನಡುರಾತ್ರಿ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ದಿರಿ. ವೈದ್ಯರು ‘ಬೆರಳಿಗೆ ಕ್ಲಿಪ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಾಕಿ ಸುಮ್ಮನೆ ನಿಂತಿದ್ದರು’, ಎಕ್ಸ್‌ರೇ ತೆಗೆಸಿದರು, ಸಿರಪ್ಪಾಗಲಿ ಆ್ಯಂಟಿಬಯೋಟಿಕ್ ಆಗಲಿ ಬರೆಯದೆ ಮನೆಗೆ ಕಳುಹಿಸಿದರು. ಇದು ನಿರ್ಲಕ್ಷ್ಯವಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಪರೀಕ್ಷೆಯ ಮಟ್ಟಿಗೆ ಖಂಡಿತ ಅಲ್ಲ. ತುರ್ತು ಘಟಕದಲ್ಲಿ ಮೊದಲು ನೋಡುವುದು ಕೆಮ್ಮನ್ನಲ್ಲ, ಉಸಿರನ್ನು. ಹೆಸರು, ವಯಸ್ಸು ವಿಚಾರಿಸುವುದೂ ಪರೀಕ್ಷೆಯೇ: ರೋಗಿ ಒಂದು ವಾಕ್ಯವನ್ನು ನಡುವೆ ಏದುಸಿರು ಬಿಡದೆ ಮುಗಿಸಬಲ್ಲರೇ ಎಂಬುದು ಅಲ್ಲೇ ತಿಳಿಯುತ್ತದೆ. ಕತ್ತಿನ ಸ್ನಾಯುಗಳು ಬಿಗಿಯುತ್ತಿವೆಯೇ, ಪಕ್ಕೆಲುಬುಗಳ ನಡುವೆ ಚರ್ಮ ಒಳಸೆಳೆದುಕೊಳ್ಳುತ್ತಿದೆಯೇ ಎಂದು ಕಣ್ಣಾಡಿಸುತ್ತಾರೆ. ಸುಮ್ಮನೆ ಕುಳಿತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಣಿಕೆ 30 ಮುಟ್ಟಿದರೆ ಅದು ಅಪಾಯದ ಸೂಚನೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟದ ಲಯವೇ ಬದಲಾಗುತ್ತದೆ. ವೈದ್ಯರು ಮಾತಿಲ್ಲದೆ ನಿಂತಿದ್ದು ಬಹುಶಃ ಅದಕ್ಕೇ.

ರೋಗಿ ಹೇಳುವ ವಿವರವೂ ಅಷ್ಟೇ ಮುಖ್ಯ. ಮಲಗಿದರೆ ಹೆಚ್ಚಾಗಿ ಎದ್ದು ಕುಳಿತರೆ ಇಳಿಯುವ ಕೆಮ್ಮು, ಜೊತೆಗೆ ಎರಡೂ ಕಾಲುಗಳ ಬಾವು ಇದ್ದರೆ ಹೃದಯದ ಕಡೆ ನೋಡಬೇಕು. ಒಂದೇ ಕಾಲು ಊದಿ, ಹಠಾತ್ತನೆ ಉಸಿರು ಕಟ್ಟಿದರೆ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿರಬಹುದು. ತಿನ್ನುತ್ತಲೋ ಆಡುತ್ತಲೋ ಇದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ, ಎಕ್ಸ್‌ರೇ ಚೆನ್ನಾಗಿದ್ದರೂ ನಂಬುವಂತಿಲ್ಲ; ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಕಾಳು, ಬೀಜಗಳು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಇವೆಲ್ಲ ಇಲ್ಲವೆಂದಾದ ಮೇಲೆ ಉಳಿಯುವುದು ಹೆಚ್ಚಾಗಿ ವೈರಸ್ಸಿನಿಂದ ಬಂದ ಶ್ವಾಸನಾಳದ ಉರಿಯೂತ. ಆ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ. ಆ್ಯಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ, ಕಫ ಹಳದಿಯಾಗಿದ್ದರೂ ಅಷ್ಟೇ. ಕೆಮ್ಮಿನ ಸಿರಪ್‌ಗಳ ಪ್ರಯೋಜನವೂ ಅಲ್ಪ. ಕೊಡೀನ್ ಇರುವಂಥವು ಉಸಿರಾಟವನ್ನೇ ಕುಗ್ಗಿಸಬಲ್ಲವು. ತಂದೆಯವರಿಗೆ ರಕ್ತದೊತ್ತಡದ ಮಾತ್ರೆ ಇದೆ ಎಂದು ಬರೆದಿದ್ದೀರಿ. ಅದು ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ಆಗಿದ್ದರೆ ಒಣಕೆಮ್ಮು ಅದರಿಂದಲೂ ಬರಬಹುದು. ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಆದರೆ ಒಂದು ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಮತ್ತೆ ಯಾವಾಗ ಬರಬೇಕೆಂದು ಯಾರೂ ಹೇಳಲಿಲ್ಲ. ಔಷಧಿ ಬರೆಯದ ವೈದ್ಯರು ಆ ಮಾತನ್ನಾದರೂ ಹೇಳಲೇಬೇಕಿತ್ತು. ಅವರು ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ: ಕಫದಲ್ಲಿ ರಕ್ತ, ಎದೆನೋವು, ತುಟಿ ನೀಲಿಯಾಗುವುದು, ಮಾತಾಡಲಾಗದಷ್ಟು ಏದುಸಿರು, ಹೊಸದಾಗಿ ಮಂಕು ಕವಿಯುವುದು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ತುರ್ತು ಘಟಕಕ್ಕೆ ಹೋಗಿ. ಕೆಮ್ಮು ಎರಡು ವಾರ ದಾಟಿ, ಸಂಜೆಯ ಜ್ವರವೋ ತೂಕದ ಇಳಿಕೆಯೋ ಸೇರಿಕೊಂಡರೆ ಕ್ಷಯದ ಪರೀಕ್ಷೆ ಮಾಡಿಸಿ.