ನಿಂತದ್ದು ಚಿತ್ರವೋ, ಯಂತ್ರವೋ?

ಪ್ರಶ್ನೆ: ನನ್ನದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ, ಎರಡು ವರ್ಷ ಹಳೆಯ ಲ್ಯಾಪ್‌ಟಾಪ್. ಒಂಟಿಯಾಗಿ ಬಳಸಿದರೆ ದಿನವಿಡೀ ತಕರಾರಿಲ್ಲದೆ ಓಡುತ್ತದೆ. ಎಚ್‌ಡಿಎಂಐ ಕೇಬಲ್‌ನಿಂದ 27 ಇಂಚಿನ 4ಕೆ ಮಾನಿಟರ್ ಜೋಡಿಸಿದರೆ ಅರ್ಧ ಗಂಟೆಯೊಳಗೆ ಎರಡೂ ಪರದೆಗಳು ಸ್ತಬ್ಧವಾಗುತ್ತವೆ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ. ಮಾನಿಟರ್ ಬದಲಿಸಿ ನೋಡಿದೆ, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದೆ. ಪ್ರಯೋಜನವಾಗಲಿಲ್ಲ. ಯಾವುದು ಕೆಟ್ಟಿದೆ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮಾನಿಟರ್ ಪಾಪದ ಪ್ರಾಣಿ. ಬಂದ ಚಿತ್ರವನ್ನು ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ಫಾರ್ಮ್ಯಾಟ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರ ಮೇಲೆ ನನಗೆ ಹಳೆಯ ಸಿಟ್ಟಿದೆ.

'ಹ್ಯಾಂಗ್ ಆಯಿತು' ಎಂದು ನಾವು ಹೇಳುವಾಗ ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಡುತ್ತಿರುತ್ತೇವೆ. ಒಂದರಲ್ಲಿ ಚಿತ್ರ ಮಾತ್ರ ನಿಲ್ಲುತ್ತದೆ, ಒಳಗೆ ಯಂತ್ರ ನಡೆಯುತ್ತಲೇ ಇರುತ್ತದೆ. ಇನ್ನೊಂದರಲ್ಲಿ ಯಂತ್ರವೇ ನಿಂತಿರುತ್ತದೆ. ನಿಮ್ಮದು ಯಾವುದು ಎಂಬುದು ಪತ್ರದಲ್ಲಿಲ್ಲ, ಏಕೆಂದರೆ ನೀವು ಪವರ್ ಬಟನ್‌ಗೆ ಕೈ ಹಾಕುವ ಮೊದಲು ಅರ್ಧ ನಿಮಿಷವೂ ಕಾದಿಲ್ಲ. ಮುಂದಿನ ಸಲ ಹೀಗೆ ಮಾಡಿ. ಹಿನ್ನೆಲೆಯಲ್ಲಿ ಒಂದು ಹಾಡು ಹಾಕಿಟ್ಟುಕೊಂಡು ಕೆಲಸ ಮಾಡಿ. ಪರದೆ ನಿಂತ ಮೇಲೂ ಹಾಡು ಮುಂದುವರಿಯುತ್ತಿದೆಯೇ, ಅಥವಾ ಒಂದೇ ಸ್ವರಕ್ಕೆ ಸಿಕ್ಕಿಕೊಂಡು ಗೊರಗುಡುತ್ತಿದೆಯೇ? ಕ್ಯಾಪ್ಸ್ ಲಾಕ್ ಕೀಲಿ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರಕ್ಕೆ ಜೀವವಿದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ಬಿ ಒತ್ತಿ. ಒಂದು ಬೀಪ್ ಕೇಳಿಸಿ ಪರದೆ ಕ್ಷಣಕಾಲ ಕಪ್ಪಾಗುತ್ತದೆ, ಗ್ರಾಫಿಕ್ಸ್ ಡ್ರೈವರ್, ಎಂದರೆ ಚಿತ್ರ ಮೂಡಿಸುವ ಚಿಪ್ ಅನ್ನು ನಡೆಸುವ ತಂತ್ರಾಂಶ, ಹೊಸದಾಗಿ ಶುರುವಾಗುತ್ತದೆ. ಚಿತ್ರ ಮರಳಿ ಬಂದರೆ ಅರ್ಧ ತನಿಖೆ ಮುಗಿಯಿತು: ತಪ್ಪು ಗ್ರಾಫಿಕ್ಸ್ ಕಡೆಗಿದೆ. ಬೇರೆ ಕಡೆ ಹುಡುಕುವ ಶ್ರಮ ಉಳಿಯಿತು.

ದೀಪವೂ ಇಲ್ಲ, ಹಾಡೂ ಇಲ್ಲ ಎಂದಾದರೆ ಬಲವಂತವಾಗಿ ಆರಿಸಿ ಮತ್ತೆ ಹಚ್ಚಿ, ಇವೆಂಟ್ ವ್ಯೂವರ್ ತೆರೆಯಿರಿ, ಅದು ವಿಂಡೋಸ್ ತನ್ನ ಆಗುಹೋಗು ಬರೆದಿಡುವ ದಿನಚರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಹ್ಯಾಂಗ್ ಆದ ಗಂಟೆ ನಿಮಿಷ ನೋಡಿ ಅಲ್ಲಿಗೆ ಹೋಗಿ. ಕರ್ನಲ್-ಪವರ್ 41 ಎಂಬ ಕೆಂಪು ಸಾಲನ್ನು ಕಂಡು ಗಾಬರಿ ಬೇಡ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಹೊತ್ತಿಕೊಂಡಿತು ಎಂದಷ್ಟೇ ಅದರ ಅರ್ಥ. ಪವರ್ ಬಟನ್ ಹಿಡಿದವರು ನೀವೇ ಅಲ್ಲವೇ? ಅದಕ್ಕಿಂತ ಸ್ವಲ್ಪ ಹಿಂದೆ ಏನಿದೆ ಎಂಬುದು ಮುಖ್ಯ. 'ಡಿಸ್‌ಪ್ಲೇ' ಹೆಸರಿನ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು ಎಂದರ್ಥ. ಗ್ರಾಫಿಕ್ಸ್ ಚಿಪ್ ಒಂದು ಕೆಲಸದಲ್ಲಿ ಸಿಕ್ಕಿಕೊಂಡರೆ ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡು ಕಾಯುತ್ತದೆ, ಆಮೇಲೆ ತಾನೇ ಅದನ್ನು ಕೊಡವಿ ಎಬ್ಬಿಸಲು ನೋಡುತ್ತದೆ. ಆ ಪ್ರಯತ್ನದ ಗುರುತು ಈ ಸಾಲು. 'ವ್ಹೀ-ಲಾಗರ್' (WHEA-Logger) ಎಂಬ ಹೆಸರು ಕಂಡರೆ ಮಾತ್ರ ಸಂಶಯವನ್ನು ತಂತ್ರಾಂಶದಿಂದ ಹಾರ್ಡ್‌ವೇರ್ ಕಡೆಗೆ ತಿರುಗಿಸಿ.

ಈಗ ನಿಮ್ಮನ್ನು ಕಾಡುವ ನಿಜವಾದ ಪ್ರಶ್ನೆ: ಒಂಟಿಯಾಗಿ ಓಡುವಾಗ ಏಕೆ ಸರಿ ಇರುತ್ತದೆ? ನಿಮ್ಮಂಥ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಪ್ರೊಸೆಸರ್ ಒಳಗಿನದು ಮಿತವ್ಯಯಿ, ಪತ್ರ ಬರೆಯುವುದು, ವಿಡಿಯೊ ನೋಡುವುದು ಎಲ್ಲವನ್ನೂ ಅದೇ ನಿಭಾಯಿಸುತ್ತದೆ. ಪ್ರತ್ಯೇಕ ಚಿಪ್ ಆಟವೋ ಭಾರದ ಕೆಲಸವೋ ಬರುವ ತನಕ ಮಲಗಿರುತ್ತದೆ. ಆದರೆ ಬಹಳಷ್ಟು ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್‌ನ ತಂತಿ ನೇರವಾಗಿ ಪ್ರತ್ಯೇಕ ಚಿಪ್‌ಗೇ ಹೋಗಿರುತ್ತದೆ. ಕೇಬಲ್ ಸಿಕ್ಕಿಸಿದ ಗಳಿಗೆಯಿಂದ ಅದು ಎದ್ದು ಕುಳಿತಿರಲೇಬೇಕು. ಹೊರಗಿನ ಪರದೆಯಲ್ಲಿ ಖಾಲಿ ಡೆಸ್ಕ್‌ಟಾಪ್ ಇದ್ದರೂ ಅಷ್ಟೇ. ಎಂದರೆ ಕಾಯಿಲೆ ಮೊದಲಿನಿಂದಲೂ ಇದ್ದಿರಬಹುದು, ರೋಗಿ ನಿದ್ದೆಯಲ್ಲಿದ್ದುದರಿಂದ ನಿಮಗೆ ತಿಳಿದಿರಲಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 'ಅಡ್ವಾನ್ಸ್ಡ್ ಡಿಸ್‌ಪ್ಲೇ' ತೆರೆದು ಹೊರಗಿನ ಪರದೆಯನ್ನು ಆಯ್ಕೆ ಮಾಡಿದರೆ ಅದು ಯಾವ ಚಿಪ್‌ಗೆ ಸೇರಿದೆ ಎಂದು ಹೆಸರು ಸಮೇತ ಬರೆದಿರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್‌ಗೆ ಚಿತ್ರ ಕಳುಹಿಸುವ ಶಕ್ತಿ ಇದ್ದರೆ ಮಾನಿಟರನ್ನು ಅಲ್ಲಿಗೆ ಬದಲಿಸಿ ಅದೇ ಪುಟವನ್ನು ಮತ್ತೆ ನೋಡಿ. ಕೆಲವು ಮಾದರಿಗಳಲ್ಲಿ ಆ ಪೋರ್ಟ್ ಒಳಗಿನ ಚಿಪ್‌ಗೆ ಸೇರಿರುತ್ತದೆ. ಹಾಗಿದ್ದು, ಎರಡು ದಿನ ಹ್ಯಾಂಗ್ ಆಗದಿದ್ದರೆ ಕಳ್ಳ ಯಾರೆಂದು ಗೊತ್ತಾಯಿತು.

ಫಾರ್ಮ್ಯಾಟ್ ಏಕೆ ಕೆಲಸಕ್ಕೆ ಬರಲಿಲ್ಲ? ಎಲ್ಲವನ್ನೂ ಅಳಿಸಿದ ಮೇಲೆ ವಿಂಡೋಸ್ ಅಪ್‌ಡೇಟ್ ಮತ್ತೆ ಅದೇ ಡ್ರೈವರನ್ನು ತಂದು ಕೂರಿಸಿರುತ್ತದೆ. ಮನೆ ಕೆಡವಿ ಅದೇ ಬಿರುಕಿನ ಇಟ್ಟಿಗೆಯಿಂದ ಕಟ್ಟಿದ ಹಾಗೆ. ಬದಲಿಗೆ ಡ್ರೈವರನ್ನು ಮಾತ್ರ ಬದಲಿಸಿ. ಮೊದಲು ಲ್ಯಾಪ್‌ಟಾಪ್ ತಯಾರಕರ ಪುಟದಲ್ಲಿ ನಿಮ್ಮ ಮಾದರಿಗೆಂದೇ ಇಟ್ಟಿರುವ ಡ್ರೈವರ್, ಅದಾಗದಿದ್ದರೆ ಚಿಪ್ ತಯಾರಕರ ಹೊಸದು, ಅದೂ ಆಗದಿದ್ದರೆ ಒಂದೆರಡು ಹೆಜ್ಜೆ ಹಿಂದಿನದು. ಹೊಸದೆಲ್ಲ ಒಳ್ಳೆಯದು ಎಂಬ ನಂಬಿಕೆ ಡ್ರೈವರ್‌ಗಳ ಲೋಕದಲ್ಲಿ ನಡೆಯುವುದಿಲ್ಲ. ಬಯೋಸ್ (ಯಂತ್ರ ಹಚ್ಚಿದೊಡನೆ ಮೊದಲು ಏಳುವ ಮೂಲ ತಂತ್ರಾಂಶ) ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿ, ಚಾರ್ಜರ್ ಸಿಕ್ಕಿಸಿಕೊಂಡೇ ಹಾಕಿ.

ಅರ್ಧ ಗಂಟೆಯ ಲೆಕ್ಕ ನನಗೆ ಇನ್ನೊಂದು ಸುಳಿವು ಕೊಡುತ್ತದೆ. ಜೋಡಿಸಿದ ಕೂಡಲೇ ನಿಲ್ಲದೆ ಸ್ವಲ್ಪ ಹೊತ್ತಿನ ಮೇಲೆ ನಿಲ್ಲುವುದು ಬಿಸಿಯ ಲಕ್ಷಣವೂ ಹೌದು. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 4ಕೆಯಲ್ಲಿ ಅದರ ನಾಲ್ಕರಷ್ಟು, 83 ಲಕ್ಷ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮೂಲೆಗೆ ತಳ್ಳಿ ದೊಡ್ಡ ಪರದೆಯಲ್ಲೇ ಕೆಲಸ ಮಾಡುವ ಅಭ್ಯಾಸ ನಿಮಗಿದ್ದರೆ ಒಂದು ದಿನ ಮುಚ್ಚಳ ತೆರೆದು, ಹಿಂಬದಿಗೆ ದಪ್ಪ ಪುಸ್ತಕವೊಂದನ್ನು ಕೊಟ್ಟು ಎತ್ತರಿಸಿ ನೋಡಿ. ಪುಸ್ತಕ ಗಾಳಿಯ ಕಿಂಡಿಗೆ ಅಡ್ಡ ಬರದಿರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಚೀಟಿಯಲ್ಲಿ ಬರೆದಿಟ್ಟುಕೊಂಡು. ಇದನ್ನು ಹೇಳುವ ನಾನೇ ಒಮ್ಮೆ ಪಾಲಿಸಿರಲಿಲ್ಲ. ನನ್ನ ಮೇಜಿನ ಲ್ಯಾಪ್‌ಟಾಪ್ ದಿನಕ್ಕೆ ಏಳೆಂಟು ಸಲ ಮೂರ್ನಾಲ್ಕು ಸೆಕೆಂಡು ಮರಗಟ್ಟಿ ಮತ್ತೆ ಸರಿಹೋಗುತ್ತಿತ್ತು. ಎರಡು ಡ್ರೈವರ್ ಬದಲಿಸಿದೆ, ಮೆಮೊರಿ ಬಿಚ್ಚಿ ಒರೆಸಿ ಕೂರಿಸಿದೆ, ಬ್ರೌಸರನ್ನು ಬೈದೆ. ಒಂದು ದಿನ ಹೆಡ್‌ಫೋನ್ ಹಾಕಿಕೊಂಡಿದ್ದಾಗ, ಮರಗಟ್ಟುವ ಮುಂಚೆ ಪ್ರತಿ ಸಲವೂ 'ಟಿಂಗ್-ಟೊಂಗ್' ಎಂಬ ಸಣ್ಣ ಸದ್ದು ಕೇಳಿಸಿತು. ಯಾವುದೋ ಸಾಧನ ಕಳಚಿಕೊಂಡು ಮತ್ತೆ ಜೋಡಿಕೊಳ್ಳುವ ಸದ್ದು ಅದು. ಮೇಜಿನ ಹಿಂದೆ ಬಗ್ಗಿ ನೋಡಿದರೆ ಮೂರು ಮೀಟರ್ ಉದ್ದದ ಡಿಸ್‌ಪ್ಲೇಪೋರ್ಟ್ ಕೇಬಲ್, ಕುರ್ಚಿ ಹಿಂದೆ ಸರಿದಾಗಲೆಲ್ಲ ಎಳೆಸಿಕೊಂಡು, ಪ್ಲಗ್‌ನ ಕತ್ತು ಓರೆಯಾಗಿತ್ತು. ಸಂಪರ್ಕ ತಪ್ಪಿದಾಗಲೆಲ್ಲ ವಿಂಡೋಸ್ ಕಿಟಕಿಗಳನ್ನೆಲ್ಲ ಎತ್ತಿ ಒಂದು ಪರದೆಗೆ ಸುರಿದು, ಮತ್ತೆ ಹಂಚುತ್ತಿತ್ತು. ಅದೇ ಆ ಮೂರ್ನಾಲ್ಕು ಸೆಕೆಂಡು. ಕೇಬಲ್ ಬದಲಿಸಿದೆ, ಮುಗಿಯಿತು. ಆದ್ದರಿಂದ ನೀವೂ ಡ್ರೈವರ್‌ಗೆ ಕೈ ಹಚ್ಚುವ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಮಾನಿಟರ್ ಬದಲಿಸಿದಾಗ ಹಳೆಯ ಕೇಬಲನ್ನೇ ಅದಕ್ಕೂ ಸಿಕ್ಕಿಸಿದ್ದಿರಬೇಕು, ಅಲ್ಲವೇ?

ಪ್ರಶ್ನೆ: ಒಂದೇ ಯುಎಸ್‌ಬಿ-ಸಿ ಕೇಬಲ್‌ನ ಡಾಕ್‌ನಿಂದ ಎರಡು ಮಾನಿಟರ್, ಕೀಬೋರ್ಡ್, ಚಾರ್ಜಿಂಗ್ ಎಲ್ಲವೂ ನಡೆಯುತ್ತದೆ. ಕೆಲಸದ ನಡುವೆ ತೊಂದರೆಯಿಲ್ಲ. ಎದ್ದು ಹೋಗಿ ಮರಳಿ ಬಂದಾಗ ಪರದೆ ಕಪ್ಪು ಅಥವಾ ಸ್ತಬ್ಧ.

ಉತ್ತರ: ಹಾಗಾದರೆ ತಕರಾರು ನಿದ್ದೆಯಲ್ಲಿದೆ. ನಿಮ್ಮಲ್ಲಿ ಮಲಗುವವರು ಮೂವರು: ಲ್ಯಾಪ್‌ಟಾಪ್, ಡಾಕ್, ಮಾನಿಟರ್. ಮೂವರೂ ಬೇರೆ ಬೇರೆ ಹೊತ್ತಿಗೆ ಏಳುತ್ತಾರೆ. ಕೆಲವು ಮಾನಿಟರ್‌ಗಳು 'ಡೀಪ್ ಸ್ಲೀಪ್'ಗೆ ಜಾರಿದಾಗ ತಾವು ಇದ್ದೇವೆ ಎಂದು ಹೇಳುವುದನ್ನೇ ನಿಲ್ಲಿಸುತ್ತವೆ, ಲ್ಯಾಪ್‌ಟಾಪ್ ಪಾಲಿಗೆ ಅದು ಕೇಬಲ್ ಕಿತ್ತಂತೆ. ಮಾನಿಟರ್‌ನದೇ ಗುಂಡಿಗಳಿಂದ ಮೆನು ತೆರೆದು ಡೀಪ್ ಸ್ಲೀಪ್ ಆಫ್ ಮಾಡಿ. 'ಆಟೋ ಸೋರ್ಸ್' ಬದಲು ನೀವು ಬಳಸುವ ಪೋರ್ಟನ್ನೇ ಖಾಯಂ ಮಾಡಿ. ಅದಾದ ಮೇಲೆ ಡಾಕ್‌ನ ಫರ್ಮ್‌ವೇರ್, ಎಂದರೆ ಅದರೊಳಗೇ ಕೂತಿರುವ ತಂತ್ರಾಂಶ. ಡಾಕ್ ಒಳಗೂ ಒಂದು ಪುಟ್ಟ ಗಣಕ ಕುಳಿತಿದೆ, ಅದಕ್ಕೂ ಅಪ್‌ಡೇಟ್ ಬರುತ್ತದೆ ಎಂಬುದನ್ನು ಹೆಚ್ಚಿನವರು ಮರೆತೇಬಿಟ್ಟಿರುತ್ತಾರೆ.

ನಿಮ್ಮ ಡಾಕ್ ಯಾವ ಜಾತಿಯದು ಎಂದೂ ನೋಡಿಕೊಳ್ಳಿ. ಒಂದು ಬಗೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಕೊಟ್ಟ ಸಂಕೇತವನ್ನು ಹಾಗೆಯೇ ಮುಂದೆ ದಾಟಿಸುತ್ತದೆ. ಇನ್ನೊಂದು ಬಗೆಯಲ್ಲಿ, ಡಿಸ್‌ಪ್ಲೇಲಿಂಕ್ ಎಂಬ ಹೆಸರಿನದು ಪ್ರಸಿದ್ಧ, ಚಿತ್ರವನ್ನು ಪ್ರೊಸೆಸರ್ ನೆರವಿನಿಂದ ಹಿಂಡಿ, ಸಾಮಾನ್ಯ ಯುಎಸ್‌ಬಿ ಮಾಹಿತಿಯಂತೆ ಸಾಗಿಸಲಾಗುತ್ತದೆ. ಈ ಎರಡನೆಯದಕ್ಕೆ ಅದರದೇ ತಂತ್ರಾಂಶ ಬೇಕು. ಪ್ರೊಸೆಸರ್ ಮೇಲೆ ಭಾರ ಬಿದ್ದಾಗ ಪರದೆ ಕುಂಟುವುದು ಅದರ ಸ್ವಭಾವ. ಗ್ರಾಫಿಕ್ಸ್ ಡ್ರೈವರನ್ನು ಎಷ್ಟು ತಿಕ್ಕಿದರೂ ಅದು ಹೋಗದು.

ಚಾರ್ಜಿಂಗನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರ್ 130 ವ್ಯಾಟ್‌ನದಾಗಿದ್ದು ಡಾಕ್ 60 ವ್ಯಾಟ್ ಮಾತ್ರ ಕೊಡುತ್ತಿದ್ದರೆ ಯಂತ್ರ ಹೊಟ್ಟೆ ಬಟ್ಟೆ ಕಟ್ಟಿಕೊಂಡು ವೇಗ ತಗ್ಗಿಸುತ್ತದೆ. ಒಂದು ದಿನ ಡಾಕ್ ಜೊತೆಗೇ ಮೂಲ ಚಾರ್ಜರನ್ನೂ ಸಿಕ್ಕಿಸಿ ವ್ಯತ್ಯಾಸವಿದೆಯೇ ನೋಡಿ.

ಪ್ರಶ್ನೆ: ನನ್ನದು ಪೂರ್ತಿ ಹ್ಯಾಂಗ್ ಅಲ್ಲ. 4ಕೆ ಮಾನಿಟರ್‌ನಲ್ಲಿ ಮಾತ್ರ ಮೌಸ್ ಕೆಸರಿನಲ್ಲಿ ನಡೆದಂತೆ ಎಳೆಯುತ್ತದೆ.

ಉತ್ತರ: ಇದು ಕಾಯಿಲೆಯೇ ಅಲ್ಲ, 30 ಹರ್ಟ್ಸ್. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ನೋಡಿ. ಎಚ್‌ಡಿಎಂಐ 1.4ರ ಪೋರ್ಟ್ ಅಥವಾ ಅಡಾಪ್ಟರ್ ದಾರಿಯಲ್ಲಿ ಒಂದಿದ್ದರೂ 4ಕೆ ಚಿತ್ರ ಸೆಕೆಂಡಿಗೆ 30 ಸಲವಷ್ಟೇ ಬದಲಾಗುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಬೇಕು, ಅದು 2013ರಲ್ಲಿ ಬಂದದ್ದು. ಯುಎಸ್‌ಬಿ-ಸಿ ಹಬ್‌ಗಳಲ್ಲೂ ಇದೇ ಕಥೆ: ನಾಲ್ಕು ಜೋಡಿ ತಂತಿಗಳಲ್ಲಿ ಎರಡನ್ನು ವೇಗದ ಯುಎಸ್‌ಬಿಗೆ ಬಿಟ್ಟುಕೊಟ್ಟರೆ ಚಿತ್ರಕ್ಕೆ ಉಳಿಯುವುದು ಅರ್ಧ ದಾರಿ. ಹಬ್ ಬಿಟ್ಟು ನೇರವಾಗಿ ಜೋಡಿಸಿ, ಮೌಸ್ ಕೆಸರಿನಿಂದ ಮೇಲೇಳುತ್ತದೆ.

ಪ್ರಶ್ನೆ: ವಾರಂಟಿ ಇದೆ. ಸರ್ವಿಸ್ ಸೆಂಟರ್‌ನಲ್ಲಿ ಎರಡು ಸಲ 'ಏನೂ ತೊಂದರೆಯಿಲ್ಲ' ಎಂದು ವಾಪಸ್ ಕೊಟ್ಟರು. ಮನೆಗೆ ತಂದರೆ ಮತ್ತೆ ಹ್ಯಾಂಗ್.

ಉತ್ತರ: ಅವರ ಮೇಜಿನ ಮೇಲೆ ಮಾನಿಟರ್ ಜೋಡಿಸದೆಯೇ ಪರೀಕ್ಷೆ ನಡೆದಿರುವ ಸಾಧ್ಯತೆ ಹೆಚ್ಚು. ಆ ಕಡೆಯ ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತವನು ನಾನು. ಕಣ್ಣೆದುರು ನಡೆಯದ ದೋಷವನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಪುರಾವೆ ಒಯ್ಯಿರಿ. ಹ್ಯಾಂಗ್ ಆದಾಗ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಕ್ಯಾಪ್ಸ್ ಲಾಕ್ ಒತ್ತಿದರೂ ದೀಪ ಹತ್ತದಿರುವುದು ಕಾಣುವಂತೆ. ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗನ್ನು ಕಡತವಾಗಿ ಉಳಿಸಿಕೊಳ್ಳಿ. ಒಂದು ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಚ್ಚಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಅದೇ ಮಾನಿಟರ್ ಜೋಡಿಸಿ ಒಂದು ಗಂಟೆ ವಿಡಿಯೊ ಓಡಿಸಿ. ಅಲ್ಲೂ ನಿಂತರೆ ವಿಂಡೋಸ್ ಮೇಲೆ ಹೊರೆ ಹಾಕುವ ದಾರಿ ಅವರಿಗೆ ಮುಚ್ಚಿದಂತೆಯೇ. ಮೂರನೆಯ ಸಲ ಹೋಗುವಾಗ ಲ್ಯಾಪ್‌ಟಾಪ್ ಜೊತೆ ನಿಮ್ಮ ಕೇಬಲನ್ನೂ ಚಾರ್ಜರನ್ನೂ ಕೊಡಿ, ರಸೀದಿಯಲ್ಲಿ 'ಹೊರಗಿನ ಮಾನಿಟರ್ ಜೋಡಿಸಿದಾಗ ಮಾತ್ರ' ಎಂಬ ನಾಲ್ಕು ಪದಗಳನ್ನು ನಿಮ್ಮೆದುರೇ ಬರೆಸಿಕೊಳ್ಳಿ.